ಹನ್ನೊಂದರ ಮಗಳಿಗೆ ಲೆನ್ಸ್ ಬೇಕಂತೆ: ಓದುಗರ ಸ್ಪಂದನ

ಕುಂಬಳೆಯ ತಾಯಿಯೊಬ್ಬರು ಕಳೆದ ವಾರ ಕೇಳಿದ್ದರು: ‘ಮಗಳಿಗೆ 11 ವರ್ಷ. ಎರಡನೇ ಕ್ಲಾಸಿನಿಂದ ಕನ್ನಡಕ, ಈಗ ಪವರ್ ಮೈನಸ್ 4. ಯಕ್ಷಗಾನ ಕಲಿಯುತ್ತಿದ್ದಾಳೆ. ವೇಷ ಹಾಕಿದರೆ ಕನ್ನಡಕ ತೆಗೆಯಬೇಕು, ಆಗ ರಂಗಸ್ಥಳದ ಅಂಚೇ ಕಾಣುವುದಿಲ್ಲ ಅನ್ನುತ್ತಾಳೆ. ಕಾಂಟ್ಯಾಕ್ಟ್ ಲೆನ್ಸ್ ಬೇಕೆಂದು ಹಟ. ಇಷ್ಟು ಸಣ್ಣವಳಿಗೆ ಬೇಡ ಅಂತ ಅವಳಪ್ಪ. ಏನು ಮಾಡಲಿ?’ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಆಪ್ಟೋಮೆಟ್ರಿಸ್ಟ್, ಕಾಸರಗೋಡು

ಅಕ್ಕ, ಮಗಳು ನೆಪ ಹೇಳುತ್ತಿಲ್ಲ. ಮೈನಸ್ 4 ಇದ್ದವರಿಗೆ ಕನ್ನಡಕ ತೆಗೆದರೆ ಕಾಲು ಮೀಟರ್‌ನಿಂದ ಆಚೆಗೆ ಎಲ್ಲವೂ ಮಸುಕು.

ಲೆನ್ಸ್‌ಗೆ ಇಷ್ಟೇ ವರ್ಷ ಆಗಿರಬೇಕು ಅಂತೇನಿಲ್ಲ. ಹುಟ್ಟುವಾಗಲೇ ಪೊರೆ ಇದ್ದು ಆಪರೇಷನ್ ಆದ ಹಸುಗೂಸಿಗೂ ಹಾಕುತ್ತಾರೆ. ಅಲ್ಲಿ ಕೆಲಸವೆಲ್ಲ ಅಮ್ಮನದು. ನಿಮ್ಮ ಮಗಳಾದರೆ ಹಾಕುವುದೂ ತೆಗೆಯುವುದೂ ಅವಳೇ. ಅದಕ್ಕೇ ನಾನು ಮಕ್ಕಳ ಕಣ್ಣು ನೋಡುವ ಮೊದಲು ಕೈ ನೋಡುತ್ತೇನೆ. ಉಗುರು ಉದ್ದ ಇದೆಯಾ, ಸಂದಿಯಲ್ಲಿ ಮಣ್ಣು ಇದೆಯಾ. ಆಮೇಲೆ ಅವರ ಕನ್ನಡಕ. ಗಾಜು ಒರೆಸದೆ ವಾರ ಆಗಿದ್ದರೆ, ಕಾಲು ಸೊಟ್ಟ ಆಗಿದ್ದರೆ, ಲೆನ್ಸ್ ಕೊಡಲು ನನಗೆ ಧೈರ್ಯ ಸಾಲುವುದಿಲ್ಲ. ‘ಲೆನ್ಸ್ ಯಾಕೆ ಬೇಕು?’ ಅಂತ ಮಗುವನ್ನು ಕೇಳುತ್ತೇನೆ. ಉತ್ತರ ಅಮ್ಮನಿಂದ ಬಂದರೆ, ‘ಮುಂದಿನ ವರ್ಷ ನೋಡುವ’ ಅಂದುಬಿಡುತ್ತೇನೆ.

ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಅಲರ್ಜಿಯಿಂದ ಪದೇ ಪದೇ ಕಣ್ಣು ಉಜ್ಜುವ ಮಕ್ಕಳಾದರೆ ಅದು ಸರಿಯಾಗುವವರೆಗೆ ಕಾಯಬೇಕು. ಡಾಕ್ಟರು ಒಪ್ಪಿದರೆ ದಿನಕ್ಕೊಂದು ಜೊತೆ ಬಳಸಿ ಬಿಸಾಡುವ ಲೆನ್ಸ್ ತೆಗೆದುಕೊಳ್ಳಿ. ಖರ್ಚು ಜಾಸ್ತಿ, ಆದರೆ ತೊಳೆಯುವ, ಡಬ್ಬಿಯಲ್ಲಿ ಇಡುವ ರಗಳೆ ಇಲ್ಲ. ಅಂಗಡಿಯಲ್ಲೇ ಕೂತು ಕಲಿಯಲಿ. ಕೈ ಸೋಪಿನಿಂದ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಲೆನ್ಸನ್ನು ಬೆರಳ ತುದಿಯಲ್ಲಿ ಇಟ್ಟು ಬೆಳಕಿಗೆ ಹಿಡಿಯಬೇಕು. ಬಟ್ಟಲಿನ ಹಾಗೆ ಅಂಚು ನೆಟ್ಟಗೆ ನಿಂತಿದ್ದರೆ ಸರಿ. ಅಂಚು ಹೊರಗೆ ಮಡಚಿದ್ದರೆ ಉಲ್ಟಾ. ಹಾಕಲು ಬಂದರೆ ಸಾಲದು, ಯಾರ ಸಹಾಯವೂ ಇಲ್ಲದೆ ತೆಗೆಯಲೂ ಬರಬೇಕು. ತೆಗೆಯಲು ಬಾರದ ಮಗುವಿನ ಕೈಯಲ್ಲಿ ನಾನು ಲೆನ್ಸ್ ಕೊಟ್ಟು ಕಳಿಸುವುದಿಲ್ಲ. ಕಣ್ಣಿನ ಹಿಂದೆ ಹೋಗಿಬಿಟ್ಟರೆ ಅಂತ ಎಲ್ಲ ಅಮ್ಮಂದಿರೂ ಕೇಳುತ್ತಾರೆ. ಹೋಗುವುದಿಲ್ಲ, ಅಲ್ಲಿಗೆ ದಾರಿಯೇ ಇಲ್ಲ. ರೆಪ್ಪೆಯೊಳಗೆ ಜಾರಬಹುದು, ಅಷ್ಟೇ.

ಸಾಮಾನ್ಯ ಲೆನ್ಸ್ ಹಾಕಿದರೆ ಪವರ್ ಏರುವುದು ನಿಲ್ಲುವುದಿಲ್ಲ. ಏರುವ ವೇಗ ತಗ್ಗಿಸಲೆಂದೇ ಮಾಡಿದ ಲೆನ್ಸ್‌ಗಳು ಬೇರೆ ಇವೆ. ಅಂಥ ಒಂದಕ್ಕೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ 8ರಿಂದ 12 ವರ್ಷದೊಳಗೆ ಶುರು ಮಾಡುವ ಮಕ್ಕಳಿಗೆ. ಮಂಗಳೂರಿಗೆ ತೋರಿಸಲು ಹೋದಾಗ ಇದನ್ನೂ ಕೇಳಿ ನೋಡಿ.

ಅಡಿಕೆ ಕೃಷಿಕ, ಬದಿಯಡ್ಕ

ನನ್ನ ಓಟು ಅವಳಪ್ಪನಿಗೆ. ಮಳೆಗಾಲದಲ್ಲಿ ಕೆರೆ ತುಂಬಿದರೆ ನಮ್ಮ ಕಡೆ ಮಕ್ಕಳನ್ನು ಹಿಡಿಯುವವರುಂಟಾ? ಕೆರೆ, ಬಾವಿ, ನಲ್ಲಿ, ಯಾವ ನೀರೂ ಲೆನ್ಸ್‌ಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಅಮೀಬಾ ಲೆನ್ಸ್ ಅಡಿ ಸೇರಿದರೆ ಕಣ್ಣಿನಲ್ಲಿ ಹುಣ್ಣಾಗುತ್ತದೆ. ತಿಂಗಳುಗಟ್ಟಲೆ ಮದ್ದು ಬಿಡಬೇಕು, ದೃಷ್ಟಿ ಹೋಗುವುದೂ ಉಂಟು. ತೋಟಕ್ಕೆ ಮದ್ದು ಬಿಡುವ ದಿನ ಮೈಲುತುತ್ತಿನ ಹನಿ ಗಾಳಿಯಲ್ಲೇ ಇರುತ್ತದೆ, ಆಗ ಕನ್ನಡಕವೇ ಒಳ್ಳೆಯದು. ಅಜ್ಜನ ಮನೆಗೆ ಹೋದಾಗ ಯಾರೂ ಹೇಳದೆ ಲೆನ್ಸ್ ತೆಗೆದಿಟ್ಟು ಕೆರೆಗೆ ಇಳಿಯುವಷ್ಟು ಬುದ್ಧಿ ಅವಳಿಗಿದ್ದರೆ ನಾನೂ ಪಕ್ಷ ಬದಲಿಸುತ್ತೇನೆ.

ಯಕ್ಷಗಾನ ಗುರು, ನೀರ್ಚಾಲು

ನನ್ನ ಹತ್ತಿರ ಕಲಿಯುವ ಮಕ್ಕಳಲ್ಲಿ ಕನ್ನಡಕದವರು ವರ್ಷ ವರ್ಷವೂ ಜಾಸ್ತಿ ಆಗುತ್ತಿದ್ದಾರೆ. ಹೆಚ್ಚಿನವರು ಹೆಜ್ಜೆ ಲೆಕ್ಕದಲ್ಲೇ ಸುಧಾರಿಸುತ್ತಾರೆ. ಲೆನ್ಸ್ ಹಾಕುವುದೇ ಆದರೆ ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಒಂದು ಕ್ರಮ ಇರಲಿ. ಮುಖಕ್ಕೆ ಬಣ್ಣ ತಾಗುವ ಮೊದಲೇ ಲೆನ್ಸ್ ಹಾಕಿ ಆಗಿರಬೇಕು. ಆಟ ಮುಗಿದ ಮೇಲೆ ಮೊದಲು ಲೆನ್ಸ್ ತೆಗೆಯಬೇಕು, ಆಮೇಲೆಯೇ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸುವುದು. ಹಿಂದೆ ಮುಂದೆ ಮಾಡಿದರೆ ಎಣ್ಣೆ, ಬಣ್ಣ ಎಲ್ಲ ಲೆನ್ಸ್ ಮೇಲೆ. ಕಾಡಿಗೆ ರೆಪ್ಪೆಯ ಹೊರಗೆ ಮಾತ್ರ ಅಂತ ಬಣ್ಣ ಬರೆಯುವವರಿಗೆ ಮೊದಲೇ ಹೇಳಿ. ಚೌಕಿಯಲ್ಲಿ ಮಕ್ಕಳ ಕೈ ಹೇಗಿರುತ್ತದೆ ಅಂತ ನೋಡಿದ್ದೀರಲ್ವಾ? ಒಂದು ಸೋಪು, ಒಂದು ಬಾಟಲಿ ಒಳ್ಳೆಯ ನೀರು, ಶುಭ್ರ ಬೈರಾಸು ಚೀಲದಲ್ಲಿ ಇರಲಿ. ಎಲ್ಲಕ್ಕಿಂತ ಮುಖ್ಯ, ಲೆನ್ಸ್ ತೆಗೆಸದೆ ಕಾರು ಹತ್ತಿಸಬೇಡಿ. ಐದು ನಿಮಿಷದಲ್ಲಿ ನಿದ್ದೆ ಹೋಗುತ್ತಾಳೆ.

ಅಜ್ಜಿ, ಮಂಜೇಶ್ವರ

ಮದುವೆ ಮುಂಜಿಗೆ ಚಂದ ಕಾಣಲಿ ಅಂತ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಕುಣಿಯಲು ಕೇಳಿದ್ದಾಳೆ. ಕೊಡಿಸಿ ಮಾರಾಯ್ತಿ.

ಕಾಲೇಜು ವಿದ್ಯಾರ್ಥಿನಿ, ಪೆರ್ಲ

ನಾನು ಹತ್ತನೇ ಕ್ಲಾಸಿನಿಂದ ಹಾಕುತ್ತಿದ್ದೇನೆ. ಹನ್ನೊಂದಕ್ಕೇ ಕೊಟ್ಟಿದ್ದರೆ ನಿಭಾಯಿಸುತ್ತಿದ್ದೆನಾ? ಡೌಟು. ಅಮ್ಮ ನನಗೆ ಹಾಕಿದ್ದ ಷರತ್ತು ಇದು: ಕಣ್ಣು ಕೆಂಪಾದರೆ, ಉರಿದರೆ, ಬೆಳಕು ನೋಡಲು ಕಷ್ಟವಾದರೆ ಲೆನ್ಸ್ ತೆಗೆದು ಹೇಳಬೇಕು, ಯಾರೂ ಬೈಯುವುದಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಕ್ಕಳೇ ಆಸ್ಪತ್ರೆಗೆ ತಡವಾಗಿ ಹೋಗುವುದು. ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬಳು ಲೆನ್ಸ್ ಹಾಕಿಕೊಂಡೇ ಮಲಗುತ್ತಿದ್ದಳು. ಹಾಗೆ ಮಲಗಿದರೆ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಜಾಸ್ತಿಯಂತೆ. ಪರೀಕ್ಷೆ ಸಮಯದಲ್ಲಿ ಅವಳ ಒಂದು ಕಣ್ಣು ತೆರೆಯಲೇ ಆಗಲಿಲ್ಲ.

ಆಂಟಿ, ದಿನವಿಡೀ ಬೇಡ, ಅಭ್ಯಾಸ ಮತ್ತು ಆಟದ ದಿನ ಮಾತ್ರ ಅಂತ ಶುರು ಮಾಡಿ ನೋಡಿ. ಕನ್ನಡಕದ ಪವರನ್ನೂ ಸರಿಯಾಗಿಟ್ಟಿರಿ, ಯಾವ ದಿನ ಬೇಕಾದರೂ ಅದಕ್ಕೆ ವಾಪಸು ಬರಬೇಕಾಗುತ್ತದೆ. ಮತ್ತೆ, ಗೆಳತಿಯರು ‘ಒಮ್ಮೆ ಹಾಕಿ ನೋಡ್ತೇನೆ’ ಅಂತ ಕೇಳಿಯೇ ಕೇಳುತ್ತಾರೆ. ಕೊಡಬಾರದು ಅಂತ ಈಗಲೇ ಹೇಳಿಡಿ.