ಆಯಿಲ್ ಬದಲಿಸಲು ಬಿಟ್ಟ ಕಾರಿಗೆ ಒಂಬತ್ತು ಕೆಲಸದ ಎಸ್ಟಿಮೇಟ್ ಬಂದಿದೆ, ಯಾವುದು ನಿಜಕ್ಕೂ ಬೇಕು?

ಏಳು ವರ್ಷದ ಕಾರು:

ಎಲ್ಲರಿಗೂ ನಮಸ್ಕಾರ. ನನ್ನದು ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರು, ಏಳು ವರ್ಷ ಆಯ್ತು, 82,000 ಕಿ.ಮೀ. ಓಡಿದೆ. ವರ್ಷಕ್ಕೊಮ್ಮೆ ಮಾಡಿಸುವ ಆಯಿಲ್ ಸರ್ವಿಸ್‌ಗೆ ಅಂತ ಬೆಳಿಗ್ಗೆ ಗ್ಯಾರೇಜಿಗೆ ಬಿಟ್ಟು ಬಂದೆ. ಮಧ್ಯಾಹ್ನ ಫೋನ್ ಬಂತು. ಮುಂದಿನ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್, ಬ್ರೇಕ್ ಆಯಿಲ್, ಕೂಲೆಂಟ್, ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎರಡೂ ಕಡೆ ಲೋಯರ್ ಆರ್ಮ್, ಬ್ಯಾಟರಿ, ಟೈಮಿಂಗ್ ಬೆಲ್ಟ್. ಒಟ್ಟು ಒಂಬತ್ತು ಕೆಲಸ. ಮೊತ್ತ ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. "ಇವತ್ತೇ ಮಾಡಿಸಿಬಿಡಿ, ಇಲ್ಲದಿದ್ದರೆ ಗಾಡಿ ಓಡಿಸೋದು ಅಪಾಯ" ಅಂದರು.

ನನಗೆ ಗೊತ್ತಿರುವುದು ಇಷ್ಟೇ. ಬ್ರೇಕ್ ಸರಿಯಾಗಿ ಹಿಡಿಯುತ್ತದೆ, ಶಬ್ದ ಇಲ್ಲ. ಸಣ್ಣ ಗುಂಡಿಗಳ ಮೇಲೆ ಹೋದರೆ ಮುಂದಿನ ಎಡಗಡೆಯಿಂದ ಟಕ್ ಟಕ್ ಅನ್ನುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಸ್ವಲ್ಪ ಎಳೆದಂತೆ ಆಗುತ್ತದೆ, ಆಮೇಲೆ ದಿನವಿಡೀ ಏನೂ ತೊಂದರೆ ಇಲ್ಲ.

ಅವರು ಮೋಸ ಮಾಡುತ್ತಿದ್ದಾರೆ ಅಂತ ಹೇಳಲು ನನ್ನ ಹತ್ತಿರ ಯಾವ ಆಧಾರವೂ ಇಲ್ಲ. ಆದರೆ ಸುಮ್ನೆ ಒಪ್ಪಿಕೊಳ್ಳುವುದಕ್ಕೂ ಮನಸ್ಸು ಬರುತ್ತಿಲ್ಲ. ಇದೇ ಕಾರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತೇನೆ, ಹಾಗಾಗಿ ಬೇಕಾದ ಕೆಲಸ ಬಿಟ್ಟುಬಿಟ್ಟರೆ ಅನ್ನುವ ಹೆದರಿಕೆಯೂ ಇದೆ. ಈಗ ಆಯಿಲ್ ಮತ್ತು ಫಿಲ್ಟರ್ ಮಾತ್ರ ಹಾಕಿ, ಉಳಿದದ್ದು ನಾಳೆ ಹೇಳುತ್ತೇನೆ ಅಂದಿದ್ದೇನೆ. ರೇಟು ನ್ಯಾಯವಾಗಿದೆಯೋ ಇಲ್ಲವೋ ಅಂತ ಮೆಕ್ಯಾನಿಕ್ ಅಲ್ಲದವರು ಹೇಗೆ ತಿಳಿದುಕೊಳ್ಳುವುದು?

ಸ್ಪ್ಯಾನರ್ ಹಿಡಿದ ಕೈ:

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿದ್ದೇನೆ. ನಾಳೆ ಹೇಳುತ್ತೇನೆ ಅಂದಿದ್ದು ಒಳ್ಳೆಯದಾಯಿತು. ರೇಟಿನ ಮಾತು ಆಮೇಲೆ. ಮೊದಲು ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿ: "ಅಳತೆ ಎಷ್ಟು ಬಂತು?" ಕಾರಿನಲ್ಲಿ ಸವೆಯುವ ವಸ್ತುಗಳಲ್ಲಿ ಬಹುಪಾಲಿಗೆ ಒಂದು ಅಳತೆ ಇದ್ದೇ ಇರುತ್ತದೆ, ಮಿಲಿಮೀಟರ್‌ನಲ್ಲೋ ವೋಲ್ಟ್‌ನಲ್ಲೋ ವರ್ಷದಲ್ಲೋ. ನೋಡಿ ಹೇಳಿದವರ ಹತ್ತಿರ ಅದು ಇರುತ್ತದೆ. ಓಡಿದ ಕಿಲೋಮೀಟರ್ ಮಾತ್ರ ನೋಡಿ ಪಟ್ಟಿ ಮಾಡಿದವರ ಹತ್ತಿರ ಇರುವುದಿಲ್ಲ.

ಬ್ರೇಕ್ ಪ್ಯಾಡ್ ತಗೊಳ್ಳಿ. ಹೊಸದರಲ್ಲಿ ಸವೆಯುವ ಭಾಗ ಸುಮಾರು 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ. ಹತ್ತಿರ ಬಂದರೆ ಬದಲಿಸಬೇಕು. 5 ಅಥವಾ 6 ಇದ್ದರೆ ಇನ್ನೂ ಓಡಿಸಬಹುದು. ಆದರೆ ನಾಲ್ಕು ಪ್ಯಾಡಿನದೂ ಬೇರೆ ಬೇರೆ ಅಳತೆ ಕೇಳಿ, ಒಳಗಿನದು ಹೊರಗಿನದು ಎರಡೂ. ಚಕ್ರದ ಸಂದಿಯಿಂದ ಕಾಣುವುದು ಹೊರಗಿನದು ಮಾತ್ರ. ಒಳಗಿನದು ಪೂರ್ತಿ ಸವೆದು ಕಬ್ಬಿಣ ತಾಗುವ ಹಂತಕ್ಕೆ ಬಂದಿದ್ದರೂ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಡಿಸ್ಕ್ ವಿಷಯ ಇನ್ನೂ ಸುಲಭ. ಎಷ್ಟು ದಪ್ಪಕ್ಕಿಂತ ಕೆಳಗೆ ಹೋಗಬಾರದು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅಳೆದು ಹೋಲಿಸಿದರೆ ಮುಗಿಯಿತು. ಪ್ಯಾಡ್ ಬದಲಿಸಿದ ಮಾತ್ರಕ್ಕೆ ಡಿಸ್ಕ್ ಬದಲಿಸಬೇಕು ಅಂತ ಇಲ್ಲ. ಅಳತೆ ಕಡಿಮೆ ಇದ್ದರೆ, ಆಳವಾದ ಗೀರು ಅಥವಾ ಬಿರುಕು ಇದ್ದರೆ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಅದು ಬೇರೆ ಮಾತು.

ಬ್ರೇಕ್ ಆಯಿಲನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನನಗೆ ಬೇಜಾರಾಗುವ ವಿಷಯ ಅದು. ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಆ ಕುದಿಯುವ ಮಟ್ಟ 155ಕ್ಕೆ ಇಳಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಒಳಗೆ ಆವಿಯಾಗಿ ಪೆಡಲ್ ಮೆತ್ತಗಾಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಷ್ಟು ಓಡಿಸಿದ್ದೀರಿ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ನೀವು ಕೊನೆಯ ಸಲ ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೆ ಕಣ್ಣುಮುಚ್ಚಿ ಹಾಕಿಸಿ.

ಎಂಜಿನ್ ಫ್ಲಶ್, ಅಂದರೆ ದ್ರಾವಣ ಹಾಕಿ ಎಂಜಿನ್ ಒಳಗಿನ ಕೊಳೆ ತೊಳೆಯುವುದು, ಬೇಡ. ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿದ ಎಂಜಿನ್‌ಗೆ ಅದರಿಂದ ಏನೂ ಸಿಗುವುದಿಲ್ಲ, ಒಳ್ಳೆಯ ಆಯಿಲಿನಲ್ಲೇ ಕೊಳೆ ಎತ್ತುವ ಅಂಶ ಇರುತ್ತದೆ. ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಮತ್ತು ಥ್ರಾಟಲ್ ಬಾಡಿ (ಎಂಜಿನ್ ಒಳಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕ್ಲೀನಿಂಗ್‌ಗೆ ಲಕ್ಷಣ ಬೇಕು. ನಿಂತಲ್ಲಿ ಎಂಜಿನ್ ಏರಿಳಿಯುತ್ತಿದೆಯಾ? ಮೈಲೇಜ್ ಇಳಿದಿದೆಯಾ? ಎಳೆಯುವಾಗ ಜರ್ಕ್ ಇದೆಯಾ? ಇಲ್ಲ ಅಂದರೆ ಬಿಡಿ.

ಲೋಯರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಕೆಳಗಿನಿಂದ ಜೋಡಿಸುವ ತೋಳು, ಅದನ್ನು ಮಾತ್ರ ಕಣ್ಣಾರೆ ನೋಡಿ. ಗಾಡಿ ಲಿಫ್ಟ್ ಮೇಲಿರುವಾಗ ಬಾಲ್ ಜಾಯಿಂಟ್ (ಅದರ ತುದಿಯ ಗುಂಡು ಕೀಲು) ಹತ್ತಿರ ಸಣ್ಣ ಪ್ರೈ ಬಾರ್ (ಮೀಟುವ ಸಲಾಕೆ) ಹಾಕಿ ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ, ಇದ್ದರೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಬುಷ್ (ಕೀಲಿನಲ್ಲಿರುವ ರಬ್ಬರ್) ಹರಿದಿದ್ದರೂ ಕಾಣುತ್ತದೆ. ಇನ್ನೊಂದು ಮಾತು, ಸಣ್ಣ ಗುಂಡಿಯಲ್ಲಿ ಮಾತ್ರ ಬರುವ ಟಕ್ ಟಕ್ ಎಷ್ಟೋ ಸಲ ಸ್ಟೆಬಿಲೈಸರ್ ಲಿಂಕ್ ರಾಡಿನದು, ಅಂದರೆ ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳಿಗೆ ಜೋಡಿಸಿದ ಸಣ್ಣ ಕೊಂಡಿಯದು. ಅದು ಲೋಯರ್ ಆರ್ಮಿಗಿಂತ ತುಂಬಾ ಅಗ್ಗದ ವಸ್ತು. ಅದನ್ನು ನೋಡಿದ್ದೀರಾ ಅಂತ ಕೇಳಿ.

ಬೆಲ್ಟ್ ಕಳೆದುಕೊಂಡವಳು:

ಮೇಲಿನವರು ಟೈಮಿಂಗ್ ಬೆಲ್ಟ್ ಬಗ್ಗೆ, ಅಂದರೆ ಎಂಜಿನ್‌ನ ಪಿಸ್ಟನ್ ಮತ್ತು ವಾಲ್ವ್‌ಗಳು ಹೊಂದಿಕೊಂಡು ಚಲಿಸುವಂತೆ ಮಾಡುವ ಬೆಲ್ಟ್ ಬಗ್ಗೆ, ಬರೆದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಓದಿ.

ನಾಲ್ಕು ವರ್ಷದ ಹಿಂದೆ ನನಗೂ ಇದೇ ತರಹದ ಪಟ್ಟಿ ಬಂದಿತ್ತು. ಅದರಲ್ಲಿ ಅರ್ಧ ಸುಮ್ನೆ ಸೇರಿಸಿದ್ದು ಅಂತ ಗೊತ್ತಾಯಿತು. ಆ ಸಿಟ್ಟಿನಲ್ಲಿ ಇಡೀ ಪಟ್ಟಿಯನ್ನೇ ಬೇಡ ಅಂದುಬಿಟ್ಟೆ, ಟೈಮಿಂಗ್ ಬೆಲ್ಟ್ ಸೇರಿಸಿ. ಗಾಡಿ ಚೆನ್ನಾಗೇ ಓಡುತ್ತಿತ್ತು. ಒಂದು ಶಬ್ದ ಇಲ್ಲ, ಒಂದು ದೀಪ ಹತ್ತಲಿಲ್ಲ. ಐದು ತಿಂಗಳಾದ ಮೇಲೆ ಹೆದ್ದಾರಿಯಲ್ಲಿ ಎಂಜಿನ್ ಇದ್ದಕ್ಕಿದ್ದ ಹಾಗೆ ನಿಂತಿತು. ಬೆಲ್ಟ್ ಹರಿದಿತ್ತು, ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಹೊಡೆದು ಎಲ್ಲಾ ಬಾಗಿದ್ದವು. ಸಿಲಿಂಡರ್ ಹೆಡ್ ಬಿಚ್ಚಿಸಬೇಕಾಯಿತು. ಹಿಂದಿನಿಂದ ಬರುತ್ತಿದ್ದ ಲಾರಿ ಪಕ್ಕಕ್ಕೆ ತಿರುಗಿಸಿದ್ದರಿಂದ ನಾನು ಉಳಿದುಕೊಂಡೆ.

ಬೆಲ್ಟ್ ಎಚ್ಚರಿಕೆ ಕೊಟ್ಟು ಹೋಗುವ ವಸ್ತು ಅಲ್ಲ. ಮೊದಲು ನಿಮ್ಮ ಎಂಜಿನ್‌ನಲ್ಲಿ ಇರುವುದು ಬೆಲ್ಟೋ ಚೈನೋ ನೋಡಿ. ಚೈನ್ ಆದರೆ ಅದಕ್ಕೆ ಸಾಮಾನ್ಯವಾಗಿ ಇಂತಿಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನುವ ಲೆಕ್ಕ ಇರುವುದಿಲ್ಲ. ಬೆಲ್ಟ್ ಆದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕಿಲೋಮೀಟರೂ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ವರ್ಷವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ಕಿಲೋಮೀಟರ್ ಆಗಿಲ್ಲ ಅಂತ ವರ್ಷವನ್ನು ಮರೆಯಬೇಡಿ, ನಾನು ಮರೆತದ್ದು ಅದನ್ನೇ. ಪಟ್ಟಿಯಲ್ಲಿ ಒಂದು ಸುಳ್ಳು ಇದೆ ಅಂದ ಮಾತ್ರಕ್ಕೆ ಉಳಿದದ್ದೂ ಸುಳ್ಳಲ್ಲ.

ಲೆಕ್ಕ ಕೇಳುವವನು:

ನಾನು ಮೆಕ್ಯಾನಿಕ್ ಅಲ್ಲ, ಹತ್ತು ವರ್ಷ ಒಂದು ಗ್ಯಾರೇಜಿನ ಕೌಂಟರಿನಲ್ಲಿ ಕೂತು ಬಿಲ್ ಬರೆದವನು. ರೇಟಿನ ಬಗ್ಗೆ ಹೇಳುತ್ತೇನೆ.

ಎಸ್ಟಿಮೇಟನ್ನು ಬಿಡಿಸಿ ಬರೆದು ಕೊಡಿ ಅಂತ ಕೇಳಿ. ಪ್ರತಿ ಕೆಲಸಕ್ಕೂ ವಸ್ತುವಿನ ಬೆಲೆ ಬೇರೆ, ಕೂಲಿ ಬೇರೆ. ವಸ್ತುವಿನ ಪಾರ್ಟ್ ನಂಬರ್ ಮತ್ತು ಬ್ರ್ಯಾಂಡ್ ಇರಲಿ. ಕೂಲಿ ಎಷ್ಟು ಗಂಟೆ ಅಂತ ಇರಲಿ. ಬರೀ "ಬ್ರೇಕ್ ಕೆಲಸ" ಅಂತ ಒಂದೇ ಸಾಲಿನಲ್ಲಿ ಮೊತ್ತ ಬರೆದರೆ ಯಾರಿಗೂ ಹೋಲಿಸಲು ಆಗುವುದಿಲ್ಲ. ಎರಡನೇ ಗ್ಯಾರೇಜಿನಲ್ಲಿ ವಿಚಾರಿಸಿದಾಗ ಕಡಿಮೆ ಹೇಳಿದರು ಅಂತ ಖುಷಿಪಡಬೇಡಿ, ಅವರು ಹೇಳಿದ್ದು ಅದೇ ದರ್ಜೆಯ ವಸ್ತುವಿಗಾ ನೋಡಿ. ಕಾರು ಕಂಪನಿಯ ಡಬ್ಬದಲ್ಲಿ ಬರುವುದು ಒಂದು. ಅದೇ ವಸ್ತುವನ್ನು ಕಾರು ಕಂಪನಿಗೆ ಮಾಡಿಕೊಡುವ ತಯಾರಕರು ತಮ್ಮದೇ ಡಬ್ಬದಲ್ಲಿ ಮಾರುವುದು ಇನ್ನೊಂದು, ಎಷ್ಟೋ ಸಲ ಗುಣ ಅದೇ, ಬೆಲೆ ಕಡಿಮೆ. ಮೂರನೆಯದು ಹೆಸರಿಲ್ಲದ ಮಾಲು. ಬ್ರೇಕು, ಸ್ಟೇರಿಂಗ್, ಟೈಮಿಂಗ್ ಈ ಮೂರಕ್ಕೆ ಆ ಮೂರನೆಯದನ್ನು ಮುಟ್ಟಬೇಡಿ.

ಎಲ್ಲಕ್ಕಿಂತ ಜಾಸ್ತಿ ಹಣ ಸೋರುವ ಜಾಗ ಒಂದಿದೆ. ಒಂದೇ ಬಿಚ್ಚುವ ಕೆಲಸಕ್ಕೆ ಎರಡು ಸಲ ಕೂಲಿ. ನಿಮ್ಮ ಪಟ್ಟಿಯಲ್ಲೇ ನೋಡಿ, ಟೈಮಿಂಗ್ ಬೆಲ್ಟ್ ಇದೆ, ಕೂಲೆಂಟ್ ಇದೆ. ಅನೇಕ ಎಂಜಿನ್‌ಗಳಲ್ಲಿ ಎಂಜಿನ್ ತಣ್ಣಗಿಡುವ ಕೂಲೆಂಟನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಬೆಲ್ಟ್ ಬಿಚ್ಚಿದಾಗ ಪಂಪ್ ಎದುರಿಗೇ ಇರುತ್ತದೆ, ಆಗಲೇ ಅದನ್ನೂ ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರನ್ನೂ ಬದಲಿಸುವುದು ಬುದ್ಧಿವಂತಿಕೆ, ಯಾಕಂದರೆ ಆಮೇಲೆ ಪಂಪ್ ಸೋರಿದರೆ ಅಷ್ಟೂ ಕೂಲಿ ಮತ್ತೆ ಕೊಡಬೇಕು. ಪಂಪ್ ಬದಲಿಸಬೇಕಾದರೆ ಕೂಲೆಂಟ್ ಇಳಿಸಲೇಬೇಕು ಅಲ್ವಾ? ಹಾಗಿದ್ದ ಮೇಲೆ ಕೂಲೆಂಟ್ ಬದಲಿಸುವುದಕ್ಕೆ ಬೇರೆ ಕೂಲಿ ಹಾಕುವ ಹಾಗಿಲ್ಲ, ಕೂಲೆಂಟಿನ ಬೆಲೆ ಮಾತ್ರ. ಪ್ಯಾಡ್ ಮತ್ತು ಡಿಸ್ಕ್ ಒಟ್ಟಿಗೆ ಬದಲಿಸಿದರೂ ಇದೇ ಮಾತು. ಡಿಸ್ಕ್ ತೆಗೆಯಬೇಕಾದರೆ ಪ್ಯಾಡ್ ಹೇಗೂ ಹೊರಗೆ ಬಂದಿರುತ್ತದೆ.

ಹಳೆಯ ವಸ್ತುಗಳನ್ನು ವಾಪಸ್ ಕೊಡಿ ಅಂತ ಕೆಲಸ ಶುರುವಾಗುವ ಮುಂಚೆಯೇ ಹೇಳಿ. ಆಮೇಲೆ ಹೇಳಿದರೆ ಕಸಕ್ಕೆ ಹೋಗಿರುತ್ತದೆ.

ಏಳು ವರ್ಷದ ಕಾರು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಅಳತೆ ಕೇಳಿದೆ. ಕೌಂಟರಿನಲ್ಲಿದ್ದವರು ಸ್ವಲ್ಪ ಮುಖ ಗಂಟು ಹಾಕಿಕೊಂಡರು, ಆದರೆ ಒಳಗಿದ್ದ ಮೆಕ್ಯಾನಿಕ್ ಖುಷಿಯಿಂದಲೇ ಕರೆದುಕೊಂಡು ಹೋಗಿ ಪ್ರತಿಯೊಂದನ್ನೂ ತೋರಿಸಿದರು. ಬರೆದುಕೊಂಡು ಬಂದಿದ್ದೇನೆ.

ಬಲಗಡೆ ಪ್ಯಾಡ್ ಒಳಗೂ ಹೊರಗೂ 5 ಮಿ.ಮೀ. ಎಡಗಡೆ ಹೊರಗಿನದು 5, ಒಳಗಿನದು 2. ಡಿಸ್ಕ್ ಎರಡೂ ಕಡೆ 21.1, ಅದರ ಮೇಲೆ ಕೊರೆದಿರುವ ಕನಿಷ್ಠ 20. ಎಡಗಡೆ ಲಿಂಕ್ ರಾಡ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೇ ಟಕ್ ಅನ್ನುತ್ತದೆ. ಲೋಯರ್ ಆರ್ಮ್‌ನಲ್ಲಿ ಎರಡೂ ಕಡೆ ಆಟ ಇಲ್ಲ, ಬುಷ್ ಮೇಲ್ಮೈಯಲ್ಲಿ ಸಣ್ಣ ಗೆರೆ ಇದೆ. ಬ್ಯಾಟರಿ ರಾತ್ರಿ ನಿಂತ ಮೇಲೆ 12.5 ವೋಲ್ಟ್, ಸ್ಟಾರ್ಟ್ ಮಾಡುವಾಗ 10.3ಕ್ಕೆ ಇಳಿಯಿತು, ಎಂಜಿನ್ ಓಡುವಾಗ 14.2. ಪುಸ್ತಕ ತೆಗೆದು ನೋಡಿದೆ, ಬೆಲ್ಟೇ ಇರುವುದು, 90,000 ಕಿ.ಮೀ. ಅಥವಾ 6 ವರ್ಷ ಅಂತ ಬರೆದಿದೆ. ಅಂದರೆ ಒಂದು ವರ್ಷ ದಾಟಿದೆ. ಬ್ರೇಕ್ ಆಯಿಲ್ ಕಾರು ತಗೊಂಡಾಗಿನಿಂದ ಬದಲಿಸಿಯೇ ಇಲ್ಲ ಅನ್ನಿಸುತ್ತದೆ.

ಸ್ಪ್ಯಾನರ್ ಹಿಡಿದ ಕೈ:

ಈಗ ಚಿತ್ರ ಸ್ಪಷ್ಟವಾಯಿತು. ಒಂದೇ ಚಕ್ರದಲ್ಲಿ ಒಳಗಿನದು 2, ಹೊರಗಿನದು 5 ಅಂದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಸರಿಯಾಗಿ ಜಾರುತ್ತಿಲ್ಲ. ಸ್ಲೈಡ್ ಪಿನ್‌ಗಳು ಹಿಡಿದುಕೊಂಡಿವೆ, ಅಥವಾ ಅದರೊಳಗಿನ ಪಿಸ್ಟನ್ ಹಿಂದಕ್ಕೆ ಹೋಗುತ್ತಿಲ್ಲ. ಹೊಸ ಪ್ಯಾಡ್ ಹಾಕಿ ಇದನ್ನು ಹಾಗೇ ಬಿಟ್ಟರೆ ಹೊಸದೂ ಹೀಗೇ ಸವೆಯುತ್ತದೆ. ಪಿನ್ ತೆಗೆದು ಒರೆಸಿ, ಅದಕ್ಕೆ ಅಂತಲೇ ಬರುವ ಗ್ರೀಸ್ ಹಚ್ಚಿ, ರಬ್ಬರ್ ಬೂಟ್ ಹರಿದಿದ್ದರೆ ಹೊಸದು ಹಾಕಲು ಹೇಳಿ. ಪಿಸ್ಟನ್ ಸಲೀಸಾಗಿ ಹಿಂದಕ್ಕೆ ಹೋಗುತ್ತದಾ ಅಂತಲೂ ನೋಡಲಿ. ಪ್ಯಾಡನ್ನು ಎರಡೂ ಕಡೆ ಒಟ್ಟಿಗೇ ಬದಲಿಸಬೇಕು, ಒಂದು ಕಡೆ ಮಾತ್ರ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಈ ವಿಷಯದಲ್ಲಿ ಗ್ಯಾರೇಜಿನವರು ಹೇಳಿದ್ದು ಸರಿ. ಡಿಸ್ಕ್ ಬೇಡ.

ಬ್ಯಾಟರಿ ಅಂಕಿ ಚೆನ್ನಾಗಿವೆ. ಪೂರ್ತಿ ಚಾರ್ಜ್ ಆದದ್ದು 12.6 ತೋರಿಸುತ್ತದೆ, ನಿಮ್ಮದು ಹತ್ತಿರದಲ್ಲೇ ಇದೆ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬಿದ್ದಿದ್ದರೆ ಯೋಚಿಸಬೇಕಿತ್ತು. ಬೆಳಿಗ್ಗೆ ಎಳೆಯುವುದಕ್ಕೆ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯಾ, ಅರ್ತ್ ವೈರ್ ಸಡಿಲ ಇದೆಯಾ ಮೊದಲು ನೋಡಲಿ. ಲೋಯರ್ ಆರ್ಮ್ ಮುಂದಿನ ಸರ್ವಿಸ್‌ನಲ್ಲಿ ಮತ್ತೆ ನೋಡಿದರೆ ಸಾಕು. ಬೆಲ್ಟ್ ಮಾತ್ರ ಇದೇ ವಾರ ಮಾಡಿಸಿ, ಅಲ್ಲಿಯವರೆಗೆ ದೂರದ ಪ್ರಯಾಣ ಬೇಡ.

ಏಳು ವರ್ಷದ ಕಾರು:

ಕೊನೆಯ ಸುದ್ದಿ. ಅದೇ ಗ್ಯಾರೇಜಿನಲ್ಲೇ, ಅದೇ ಮೆಕ್ಯಾನಿಕ್ ಹತ್ತಿರ ಮಾಡಿಸಿದೆ. ಪ್ಯಾಡ್, ಪಿನ್ ಸರ್ವಿಸ್, ಬ್ರೇಕ್ ಆಯಿಲ್, ಬೆಲ್ಟ್ ಜೊತೆ ಟೆನ್ಶನರ್ ಮತ್ತು ವಾಟರ್ ಪಂಪ್, ಎರಡೂ ಕಡೆ ಲಿಂಕ್ ರಾಡ್. ಕೂಲೆಂಟಿಗೆ ಬೇರೆ ಕೂಲಿ ಬರೆದಿದ್ದರು, ಕೇಳಿದ ತಕ್ಷಣ ತೆಗೆದರು. ಮೊತ್ತ ಮೊದಲು ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯ್ತು. ಟರ್ಮಿನಲ್ ಕೊಳೆ ತೆಗೆದ ಮೇಲೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ಹಳೆಯ ಬೆಲ್ಟ್ ಮನೆಗೆ ತಂದಿದ್ದೇನೆ, ಮಡಚಿ ನೋಡಿದರೆ ಹಲ್ಲುಗಳ ಬುಡದಲ್ಲಿ ಸಾಲಾಗಿ ಬಿರುಕು. ಬೆಲ್ಟ್ ಬಗ್ಗೆ ಬರೆದವರಿಗೆ ಮನಸಾರೆ ಧನ್ಯವಾದ, ನೀವು ಬರೆಯದಿದ್ದರೆ ನಾನು ಅದನ್ನು ಪಟ್ಟಿಯಿಂದ ಹೊಡೆದು ಹಾಕುವವನಿದ್ದೆ.

ಸ್ಪ್ಯಾನರ್ ಹಿಡಿದ ಕೈ:

ತುಂಬಾ ಸಂತೋಷ. ಮೂರು ಮಾತು ಉಳಿದಿವೆ. ಚಕ್ರ ಬಿಚ್ಚಿ ಹಾಕಿದ್ದಾರಲ್ಲ, 50ರಿಂದ 100 ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಒಮ್ಮೆ ಚೆಕ್ ಮಾಡಿಸಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ 200, 300 ಕಿ.ಮೀ. ತನಕ, ತುರ್ತು ಇಲ್ಲದಿದ್ದರೆ ಬ್ರೇಕನ್ನು ಜೋರಾಗಿ ಒತ್ತಬೇಡಿ. ಮುಂದಿನ ಗಾಡಿಗೆ ಸ್ವಲ್ಪ ಜಾಸ್ತಿ ಅಂತರ ಬಿಟ್ಟು ಓಡಿಸಿ. ಬೆಲ್ಟ್ ಬದಲಿಸಿದ ತಾರೀಕು ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಬಿಸಿ ತಾಗದ ಜಾಗದಲ್ಲಿ ಅಂಟಿಸಿಬಿಡಿ.