ಸೇಡೋ, ಮುಯ್ಯಿಯೋ?

ಗೆಳೆಯರೇ,

ಒಂದು ಪದದ ತೊಡಕಿನಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಸಿ ಪುಣ್ಯ ಕಟ್ಟಿಕೊಳ್ಳಿ. ಬ್ರೂಸ್ ಲೀಯ 'ಫಿಸ್ಟ್ ಆಫ್ ಫ್ಯೂರಿ' (1972) ಸಿನಿಮಾವನ್ನು ಮುಂದಿನ ತಿಂಗಳು ನಾವೊಂದಿಷ್ಟು ಜನ ಒಟ್ಟಿಗೆ ಕೂತು ನೋಡುವವರಿದ್ದೇವೆ. ಬಂದವರ ಕೈಗೆ ಕೊಡಲು ಅರ್ಧ ಪುಟದ ಪರಿಚಯ ಬರೆಯುವ ಕೆಲಸ ನನ್ನ ತಲೆಗೆ ಬಂತು. 'ಗುರುವಿನ ಸೇಡು ತೀರಿಸಿಕೊಳ್ಳುವ ಶಿಷ್ಯನ ಕತೆ' ಎಂದು ಮೊದಲ ಸಾಲು ಬರೆದೆ. ಓದಿದ ನನ್ನ ಹೆಂಡತಿ ಕೇಳಿದಳು: "ಪಾಪ, ಆ ಗುರು ಇವನಿಗೇನು ಮಾಡಿದ್ದರು?"

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. 'ಗುರುವಿನ ಸೇಡು' ಎಂದರೆ ಗುರುವಿನ ಮೇಲಿನದೂ ಆಗಬಹುದು, ಗುರುವಿಗಾಗಿ ತೀರಿಸುವುದೂ ಆಗಬಹುದು. ಸಾಲದ್ದಕ್ಕೆ ಬಾಲಕ್ಕೆ ಆ 'ಕೊಳ್ಳು' ಬೇರೆ. ಬಾಯಾರಿಕೆ ತೀರಿಸಿಕೊಂಡ ಎಂದರೆ ತಂಪಾದದ್ದು ಕುಡಿದವನ ಗಂಟಲು ತಾನೆ? ಹಾಗೆ ಸೇಡು ತೀರಿಸಿಕೊಂಡವನ ಹೊಟ್ಟೆಯೇ ತಣ್ಣಗಾಗುತ್ತದೆ. 'ಗುರುವಿನ ಪರವಾಗಿ' ಎಂದು ತಿದ್ದಿದೆ, ವಕೀಲರ ನೋಟಿಸಿನಂತಾಯಿತು. 'ಗುರುವಿನ ಸಾವಿಗೆ ಪ್ರತೀಕಾರ' ಪತ್ರಿಕೆಯ ತಲೆಬರಹ. ಯಾವುದೂ ಒಗ್ಗಲಿಲ್ಲ.

ಮೂಲ ಚಿತ್ರ ಚೀನಾದ ಮ್ಯಾಂಡರಿನ್ ಭಾಷೆಯದು. ಆ ಭಾಷೆಯಲ್ಲಿ ಇದಕ್ಕೆ 'ಬಾವ್ ಚೌ' ಎನ್ನುತ್ತಾರೆ. ಚೌ ಎಂದರೆ ಹಗೆ. ಬಾವ್ ಎಂದರೆ ಹಿಂದಿರುಗಿಸು, ಸಲ್ಲಿಸು. ಉಪಕಾರ ಮಾಡಿದವರಿಗೆ ಪ್ರತ್ಯುಪಕಾರ ಮಾಡುವುದಕ್ಕೂ ಇದೇ ಕ್ರಿಯಾಪದ: 'ಬಾವ್ ಎನ್'. ಒಳ್ಳೆಯದು ಕೊಟ್ಟರೂ ಕೆಟ್ಟದ್ದು ಕೊಟ್ಟರೂ ತಿರುಗಿ ಸಲ್ಲಿಸಲೇಬೇಕು, ಲೆಕ್ಕದ ಪುಸ್ತಕ ಒಂದೇ. 'ಸಜ್ಜನನ ಸೇಡಿಗೆ ಹತ್ತು ವರ್ಷವಾದರೂ ತಡವಲ್ಲ' ಎಂಬ ಗಾದೆ ಅವರಲ್ಲಿದೆ. (ನಮ್ಮಲ್ಲಿ ಹಾವಿನ ಹಗೆ ಹನ್ನೆರಡು ವರ್ಷ. ಎರಡು ವರ್ಷ ನಾವೇ ಮುಂದೆ, ಆದರೆ ಸಜ್ಜನಿಕೆಯ ಮಾತನ್ನು ಹಾವಿನ ಬಾಯಿಗೆ ಹಾಕಿದ್ದೇವೆ.)

ಇದನ್ನು ಯೋಚಿಸುತ್ತಿರುವಾಗ ಹೊಳೆದದ್ದು 'ಮುಯ್ಯಿ'. ಮದುವೆಮನೆಯಲ್ಲಿ ಮುಯ್ಯಿ ಓದಿಸುತ್ತೇವೆ. ಯಾರು ಎಷ್ಟು ಕೊಟ್ಟರೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅವರ ಮನೆಯ ಮದುವೆಗೆ ತಿರುಗಿಸುತ್ತೇವೆ. ನಮ್ಮೂರ ಕಡೆ ನಾಟಿಗೆ ಮುಯ್ಯಾಳು ಹೋಗುತ್ತಾರೆ: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದೇ ಪದ ಜಗಳಕ್ಕೆ ಬಂದರೆ ಮುಯ್ಯಿಗೆ ಮುಯ್ಯಿ. ಬಾವ್ ಎಂಬುದಕ್ಕೆ ಇಷ್ಟು ಹತ್ತಿರದ ಪದ ಬೇರೆ ಭಾಷೆಯಲ್ಲೂ ಇದ್ದೀತು, ನಮ್ಮಲ್ಲಂತೂ ಇದೆ.

ಈಗ ಸಿನಿಮಾಕ್ಕೆ ಬನ್ನಿ. ಶಾಂಘಾಯ್‌ನ ಜಿಂಗ್‌ವು ಎಂಬ ಕುಂಗ್‌ಫು ಶಾಲೆಯ ಗುರು ಹುವೋ ಯುವಾನ್‌ಜಿಯಾ ನಿಜವಾಗಿ ಬದುಕಿದ್ದವರು, 1910ರಲ್ಲಿ ತೀರಿಕೊಂಡರು. ಶಿಷ್ಯ ಚೆನ್ ಝೆನ್ (ಬ್ರೂಸ್ ಲೀಯ ಪಾತ್ರ) ಮಾತ್ರ ಕತೆಗಾರರ ಸೃಷ್ಟಿ. ಗುರುವಿನ ಸಾವಿನ ಸೂತಕ ಇನ್ನೂ ಇರುವಾಗಲೇ ಜಪಾನಿ ದೋಜೋದವರು (ಜಪಾನೀಯರ ಕಾಳಗದ ಶಾಲೆಯವರು) ಚೌಕಟ್ಟು ಹಾಕಿಸಿದ ಒಂದು ಬರಹವನ್ನು ಕಾಣಿಕೆಯಾಗಿ ತರುತ್ತಾರೆ. ಅದರಲ್ಲಿ ಬರೆದಿರುವುದು 'ಪೂರ್ವ ಏಷ್ಯಾದ ರೋಗಿಷ್ಠ' ಎಂದು. ಇಡೀ ಚೀನಾಕ್ಕೆ ಅಂಟಿಸಿದ್ದ ಬೈಗುಳ ಅದು. ನಮ್ಮನ್ನು ಸೋಲಿಸುವವನಿದ್ದರೆ ಈ ಅಕ್ಷರಗಳನ್ನು ತಿನ್ನುತ್ತೇವೆ ಎಂಬ ಸವಾಲು ಬೇರೆ. ಹಿರಿಯರು ತಡೆದದ್ದರಿಂದ ಚೆನ್ ಆಗ ಹಲ್ಲು ಕಚ್ಚಿ ನಿಲ್ಲುತ್ತಾನೆ. ಆಮೇಲೆ ಒಬ್ಬನೇ ಆ ಚೌಕಟ್ಟನ್ನು ಹೊತ್ತುಕೊಂಡು ಅವರ ದೋಜೋಗೆ ಹೋಗಿ, ಕೊಟ್ಟದ್ದನ್ನು ವಾಪಸು ತಂದಿದ್ದೇನೆ ಎನ್ನುತ್ತಾನೆ. ಅಲ್ಲಿದ್ದವರನ್ನೆಲ್ಲ ಮಲಗಿಸಿ, ತಂದುಕೊಟ್ಟವರ ಬಾಯಿಗೇ ಆ ಕಾಗದ ತುರುಕುತ್ತಾನೆ.

ಉಡುಗೊರೆ ಬಂತು, ಉಡುಗೊರೆ ವಾಪಸು ಹೋಯಿತು. ಇದು ಮುಯ್ಯಿಯಲ್ಲದೆ ಮತ್ತೇನು? 'ಸೇಡು' ಎಂದರೆ ಬರಿಯ ಸಿಟ್ಟು ಕಾಣುತ್ತದೆ, ಆ ಚೌಕಟ್ಟು ಕಾಣುವುದಿಲ್ಲ. ಈ ಚಿತ್ರ ಇಷ್ಟು ವರ್ಷ ಉಳಿದದ್ದು ಬರೇ ಒದೆತದ ವೇಗಕ್ಕೆ ಎಂದು ನನಗನ್ನಿಸುವುದಿಲ್ಲ. ಅದಕ್ಕಿಂತ ಚುರುಕಾದ ಹೊಡೆದಾಟಗಳು ಆಮೇಲೆ ಎಷ್ಟೋ ಬಂದವು. 1994ರಲ್ಲಿ ಬೇರೊಂದು ಚಿತ್ರದಲ್ಲಿ ಜೆಟ್ ಲೀ ಇದೇ ಚೆನ್ ಝೆನ್‌ನನ್ನು ಇನ್ನೂ ನಯವಾಗಿ ಆಡಿದ. ಆದರೂ ನೋಡಿದವರು ನೆನೆಯುವುದು ಆ ಕಾಗದ ತಿನ್ನಿಸುವ ದೃಶ್ಯವನ್ನು.

ಇನ್ನೊಂದು ಹೋಲಿಕೆ. ಮುಯ್ಯಿ ತಿರುಗಿಸುವಾಗ ಬಂದದ್ದಕ್ಕಿಂತ ಒಂದಿಷ್ಟು ಹೆಚ್ಚು ಸೇರಿಸುವುದು ನಮ್ಮಮ್ಮನ ಪದ್ಧತಿ, ಲೆಕ್ಕ ಮುಗಿಯಬಾರದೆಂದು. ಇಲ್ಲೂ ಹಾಗೇ. ಚೆನ್ ಕಾಗದ ತಿನ್ನಿಸಿದ್ದಕ್ಕೆ ಅವರು ಶಾಲೆಗೆ ನುಗ್ಗಿ ಬಡಿಯುತ್ತಾರೆ, ಗುರುವಿಗೆ ವಿಷ ಹಾಕಿದವರನ್ನು ಇವನು ಕೊಲ್ಲುತ್ತಾನೆ, ಅವರು ಶಾಲೆಯವರನ್ನೇ ಕೊಲ್ಲುತ್ತಾರೆ. ಕೊನೆಗೆ ಶಾಲೆಯನ್ನು ಮುಟ್ಟಬಾರದೆಂಬ ಮಾತಿಗೆ ಚೆನ್ ತನ್ನನ್ನೇ ಒಪ್ಪಿಸಿ, ಬಂದೂಕುಗಳ ಎದುರು ಹಾರುತ್ತಾನೆ. ಚಿತ್ರ ಆ ನೆಗೆತದಲ್ಲೇ ನಿಶ್ಚಲವಾಗುತ್ತದೆ, ಗುಂಡಿನ ಸದ್ದು ಮಾತ್ರ ಕೇಳುತ್ತದೆ.

ಹಾಗಾಗಿ 'ಗುರುವಿಗಾಗಿ ಮುಯ್ಯಿ ತೀರಿಸಿದ ಶಿಷ್ಯ' ಎಂದು ತಿದ್ದಿದ್ದೇನೆ, 'ಕೊಳ್ಳು' ಕಿತ್ತುಹಾಕಿ. ಬೆಂಗಳೂರಿನ ಎಳೆಯರಿಗೆ ಇದು ಆರತಕ್ಷತೆಯ ಲಕೋಟೆಯಂತೆ ಕೇಳೀತೇ? ಉತ್ತರ ಕರ್ನಾಟಕದವರು ಉಡುಗೊರೆಗೆ ಆಯೇರಿ ಎನ್ನುತ್ತಾರಲ್ಲ, ನಿಮ್ಮಲ್ಲಿ ಮುಯ್ಯಿ ಜಗಳಕ್ಕೆ ಮಾತ್ರ ಉಳಿದಿದೆಯೇ? ತಮಿಳರ ಮದುವೆಯ ಮೊಯ್‌ಗೂ ಹಗೆಯ ಅರ್ಥ ಉಂಟೇ? ಬಲ್ಲವರು ಹೇಳಿ.

ಚಿಲ್ಲರೆ ಪ್ರಶ್ನೆಗಳು ಇನ್ನೆರಡು. 'ರೋಗಿಷ್ಠ' ಎಂದರೆ ಅಯ್ಯೋ ಪಾಪ ಅನ್ನಿಸುತ್ತದೆ, ಮೈ ಉರಿಯುವುದಿಲ್ಲ. 'ನರಪೇತಲ' ನನಗೆ ಹಿಡಿಸಿದೆ, ಆದರೆ ಗೋಡೆಗೆ ತೂಗುಹಾಕುವ ಗತ್ತು ಅದಕ್ಕಿಲ್ಲ. ಎರಡನೆಯದು, ಚಿತ್ರದ ಚೀನೀ ಹೆಸರು 'ಜಿಂಗ್ ವು ಮೆನ್'. ಮೆನ್ ಎಂದರೆ ಬಾಗಿಲು, ಒಬ್ಬ ಗುರುವಿನ ಪರಂಪರೆ ಎಂದೂ ಹೌದು. ಒಂದೇ ಗರಡಿಯಲ್ಲಿ ಪಳಗಿದವರು ಎನ್ನುತ್ತೇವಲ್ಲ, ಆ ಅರ್ಥದಲ್ಲಿ 'ಜಿಂಗ್‌ವು ಗರಡಿ' ಎಂದು ಹಾಕಲೇ? ಮಟ್ಟಿಯ ಮಣ್ಣು, ಕುಸ್ತಿ, ಪೈಲ್ವಾನರು ಕಣ್ಣಿಗೆ ಬಂದುಬಿಡುತ್ತಾರೆ ಎಂಬ ಅಳುಕಿದೆ.

ಚೆನ್ ಬೀಸುವ ಜೋಡಿದೊಣ್ಣೆ ನಂಚಾಕು ಬಗ್ಗೆ ಪ್ರಶ್ನೆಯಿಲ್ಲ. ಸೈಕಲ್ ಚೈನಿಗೆ ಎರಡು ದೊಣ್ಣೆ ಕಟ್ಟಿ ತಿರುಗಿಸಿ ಹಣೆ ಒಡೆದುಕೊಂಡ ಕಾಲದಲ್ಲಿ, ಅದರಲ್ಲಿ ಚಾಕು ಎಲ್ಲಿದೆಯೆಂದು ನಾವೆಲ್ಲ ಹುಡುಕಿದ್ದೆವು.