ಸ್ಕೋಪ್ ‘ಮೌಂಟ್’ಗೆ ‘ಮಣೆ’ ಅಂದರೆ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ನಾಲ್ಕೈದು ಬೇಕು, ಆದರೆ ಎರಡು ವಾರದಿಂದ ತಲೆ ತಿನ್ನುತ್ತಿರುವುದು ಒಂದೇ. ರೈಫಲ್ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಲು ನಡುವೆ ಹಾಕುತ್ತಾರಲ್ಲ, ಆ ‘ಮೌಂಟ್’.

ನಾನಿರುವುದು ಪುಣೆಯ ಚಿಂಚವಡದಲ್ಲಿ. ಬಾಲ್ಕನಿಯಲ್ಲಿ ಒಂದು ವೈಸ್, ಒಂದು ಡ್ರಿಲ್, ಭೋಸರಿಯಲ್ಲಿ ಕೆಲಸ ಮಾಡುವಾಗ ಕೂಡಿಟ್ಟ ಒಂದಿಷ್ಟು ಹತ್ಯಾರ. ಇದೇ ನನ್ನ ವರ್ಕ್‌ಶಾಪ್. ಹಾವೇರಿಯಲ್ಲಿರುವ ಹೆಂಡತಿಯ ಅಣ್ಣನ ಮಗ ಒಂದು ಏರ್ ರೈಫಲ್ ಕೊಂಡಿದ್ದಾನೆ. ಸ್ಪ್ರಿಂಗಿನದು, ನಳಿಗೆ ಬಗ್ಗಿಸಿ ಪೆಲೆಟ್ ಅನ್ನುವ ಸಣ್ಣ ಗುಂಡು ತುಂಬುವಂಥದ್ದು. ಗಾಬರಿ ಬೇಡ, 0.177 ಇಂಚು ಬೋರಿನ, 20 ಜೌಲ್ ಶಕ್ತಿ ಮೀರದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಅವನು ಹೊಡೆಯುವುದೂ ಮಣ್ಣಿನ ಗುಡ್ಡೆಗೆ ಒರಗಿಸಿದ ಕಾಗದಕ್ಕೆ.

ದೀಪಾವಳಿಗೆ ಬಂದವನು ರೈಫಲ್ಲನ್ನೂ ತಂದಿದ್ದ. ಇಬ್ಬರೂ ಕೂತು ಸ್ಕೋಪ್ ಕೂರಿಸಿದೆವು. ಊರಿಗೆ ಹೋದ ಮೇಲೆ ಫೋನು: “ಮಾವಾ, ಎಲ್ಲಾ ಕನ್ನಡದಾಗ ಬರದು ಕಳಸ್ರಿ, ನಾನ ಬಿಚ್ಚಿ ಹಾಕ್ತೀನಿ.” ಆಯ್ತು ಅಂತ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ನಿಂತೆ. “ಮೌಂಟನ್ನು ರೈಲಿನ ಮೇಲೆ ಇಡು” ಅಂತ ಬರೆದು ಕಳಿಸಿದ್ದಕ್ಕೆ ಬಂದ ಉತ್ತರ: “ಯಾವ ರೈಲ್ರೀ? ಹುಬ್ಬಳ್ಳಿಗೆ ಹೋಗೂದಾ?”

ಸುಮ್ನೆ ತಮಾಷೆ ಮಾಡಿದ. ಆದರೆ ಮಾತು ಸರಿಯಾಗಿದೆ. ರೈಲು ಅಂದರೆ ನಮಗೆ ಗಾಡಿ, ಅದು ಓಡುವ ಕಂಬಿಗೆ ಹಳಿ ಅನ್ನುತ್ತೇವೆ. ಹಾಗಾಗಿ ರೈಫಲ್ ಬೆನ್ನಿನ ಮೇಲಿನ ಆ ಉದ್ದ ಪಟ್ಟಿಗೆ ‘ಹಳಿ’ ಅಂದುಬಿಟ್ಟೆ. ಇದಕ್ಕೆ ಯಾರ ತಕರಾರೂ ಇರಲಾರದು ಅಂದುಕೊಂಡಿದ್ದೇನೆ. ಹಳಿಯಲ್ಲೂ ಎರಡು ಜಾತಿ. ಏರ್‌ಗನ್‌ಗಳಲ್ಲಿ ಸಾಮಾನ್ಯವಾಗಿ 11 ಮಿಲಿಮೀಟರಿನ ಡವ್‌ಟೇಲ್. ಮೇಲೆ ಅಗಲ, ಕೆಳಗೆ ಸಣ್ಣ, ಮೌಂಟಿನ ಹಲ್ಲು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತದೆ. ನಮ್ಮ ಬಡಿಗರು ಮರಕ್ಕೆ ಹಾಕುವ ‘ಕಚ್ಚು’ ಅನ್ನುವ ಪದ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಅಗಲದ್ದು, ಅಡ್ಡಡ್ಡ ಗೀರು ಕೊರೆದದ್ದು. ಅದಕ್ಕೆ ಪಿಕಾಟಿನಿ ಅಂತ ಹೆಸರು. ನ್ಯೂಜೆರ್ಸಿಯಲ್ಲಿ ಪಿಕಾಟಿನಿ ಅನ್ನುವ ಆಯುಧಾಗಾರವಿದೆ, ಹೆಸರು ಅಲ್ಲಿಯದು. ಅಮೆರಿಕದ ಸೇನೆ ಅದರ ಅಳತೆ ಗೊತ್ತುಮಾಡಿದ್ದು 1995ರಲ್ಲಿ. ಜಾಗದ ಹೆಸರನ್ನು ಅನುವಾದ ಮಾಡುವ ಗೋಜು ಬೇಡ, ಅದು ಹಾಗೇ ಇರಲಿ. ಹುಡುಗ ಆನ್‌ಲೈನಲ್ಲಿ ಬರೀ ‘ಮೌಂಟ್’ ಅಂತ ಹುಡುಕಿ ಪಿಕಾಟಿನಿಯದನ್ನೇ ತರಿಸಿದ್ದ. ನಮ್ಮ 11ರ ಹಳಿಗೆ ಅದು ಅಪ್ಪನ ಚಪ್ಪಲಿ ಮಗ ಹಾಕಿದ ಹಾಗೆ.

ಈಗ ಮೌಂಟಿಗೆ ಬರೋಣ. ನಿಘಂಟಿನಲ್ಲಿ ನೋಡಿದರೆ ಹತ್ತು, ಏರು, ಬೆಟ್ಟ. ಕುದುರೆ ಏರುವುದರಿಂದ ಹಿಡಿದು ಫೋಟೋಗೆ ಕಟ್ಟು ಹಾಕುವ ತನಕ ಎಲ್ಲಕ್ಕೂ ಇಂಗ್ಲಿಷಿನವರಿಗೆ ಅದೊಂದೇ ಪದ. ನಮಗೆ ಹಾಗಲ್ಲ. ನಾವು ಹರಳನ್ನು ಉಂಗುರಕ್ಕೆ ‘ಏರಿಸು’ವುದಿಲ್ಲ, ಕೂರಿಸುತ್ತೇವೆ. ಬೇರಿಂಗ್ ಕೂರಿಸುತ್ತೇವೆ. ಗಣಪತಿಯನ್ನೂ ಕೂರಿಸುತ್ತೇವೆ. ಮರಾಠಿಯಲ್ಲೂ ಇದೇ ಲೆಕ್ಕ, ಗಣಪತಿಗೂ ಬೇರಿಂಗಿಗೂ ಒಂದೇ ‘ಬಸವಣೆ’. ನಾನು ಪುಣೆಗೆ ಬಂದ ಹೊಸತರಲ್ಲಿ ಫೋರ್‌ಮನ್ “ನೀಟ ಬಸವ್, ನೀಟ ಬಸವ್” ಅಂತ ಕೂಗುತ್ತಿದ್ದರೆ, ಈ ಬಸವ ಯಾರಪ್ಪ, ನಮ್ಮ ಕಡೆಯವನಿರಬೇಕು ಅಂತ ಸುತ್ತ ನೋಡಿದ್ದೆ. ಸರಿಯಾಗಿ ಕೂರಿಸು ಅಂತ ಅವರು ನನಗೇ ಹೇಳುತ್ತಿದ್ದರು!

ಕ್ರಿಯಾಪದ ಸಿಕ್ಕಿತು, ಕೂರಿಸು. ಹೆಸರು ಯಾವುದು?

ಮೊದಲು ಹೊಳೆದದ್ದು ‘ಕುದುರೆ’. ವೀಣೆಯ ತಂತಿ ಹೊರುವ ತುಂಡಿಗೆ ಕುದುರೆ ಅನ್ನುತ್ತೇವಲ್ಲ. ಹೊರುವುದು, ಎತ್ತರದಲ್ಲಿ ಇಡುವುದು, ಎಲ್ಲಾ ಸರಿ. ಆದರೆ ಬಂದೂಕಿನಲ್ಲಿ ಕುದುರೆ ಆಗಲೇ ಇದೆ. ಎಳೆದರೆ ಗುಂಡು ಹಾರುವುದೇ ಅದು. ಹಿಂದಿ ಮರಾಠಿಯಲ್ಲೂ ಘೋಡಾ. ಮುಂಬೈ ಟಪೋರಿ ಭಾಷೆಯಲ್ಲಂತೂ ಪಿಸ್ತೂಲೇ ಘೋಡಾ. “ಕುದುರೆಯನ್ನು ಗಟ್ಟಿಯಾಗಿ ಬಿಗಿ” ಅಂತ ನಾನು ಬರೆದು, ಹುಡುಗ ಇನ್ನೇನನ್ನೋ ಬಿಗಿದರೆ? ಬೇಡ.

‘ಸಿಂಬಿ’ ಅನ್ನೋಣವೆಂದರೆ, ಕೊಡದ ಕೆಳಗಿನ ಸಿಂಬಿ ಮೆತ್ತಗಿರುತ್ತದೆ, ಹಿಡಿಯುವುದಿಲ್ಲ.

ಒಂದು ಬೆಳಿಗ್ಗೆ ಹೆಂಡತಿ ಕಾಯಿ ತುರಿಯುತ್ತಿದ್ದಳು. ತುರಿಮಣೆ! ಅದರಲ್ಲಿ ಹಲ್ಲಿರುವ ತುರಿಯನ್ನು ಅಲ್ಲಾಡದ ಹಾಗೆ ಹಿಡಿದಿರುವುದು ಏನು? ಮಣೆ. ಈಳಿಗೆಮಣೆಯಲ್ಲೂ ಅಷ್ಟೇ. ಕೂರುವುದಕ್ಕೂ ಮಣೆ, ಒಂದು ಹತ್ಯಾರವನ್ನು ಕೂರಿಸುವುದಕ್ಕೂ ಮಣೆ. ಅಂದಮೇಲೆ ಹಳಿಯ ಮೇಲೆ ಮಣೆ, ಮಣೆಯ ಮೇಲೆ ದುರ್ಬೀನು. ದುರ್ಬೀನಿನ ಕೊಳವೆಯನ್ನು ಸುತ್ತಿ ಹಿಡಿಯುವ ರಿಂಗಿಗೆ ‘ಬಳೆ’. ಬಳೆಯಲ್ಲಿ ಎರಡು ಅಳತೆ ಜಾಸ್ತಿ ಬಳಕೆಯಲ್ಲಿವೆ, 25.4 ಮತ್ತು 30 ಮಿಲಿಮೀಟರ್. ಬಳೆಯಂಗಡಿಯ ಹಾಗೇ ಇಲ್ಲೂ ಅಳತೆ ಕೇಳಿ ತರಬೇಕು.

ನನ್ನ ವಾದಕ್ಕೆ ಒಂದು ತೊಂದರೆ ಇದೆ, ನಾನೇ ಹೇಳಿಬಿಡುತ್ತೇನೆ. ಮಣೆ ಅಂದರೆ ಚಪ್ಪಟೆ ಹಲಗೆ ಕಣ್ಣಿಗೆ ಬರುತ್ತದೆ. ಇಲ್ಲಿ ಕೆಲವು ಮೌಂಟ್‌ಗಳಲ್ಲಿ ಮಣೆ, ಬಳೆ ಎರಡೂ ಒಂದೇ ತುಂಡು, ಹಲಗೆಯೇ ಇಲ್ಲ. ಆಗಲೂ ಮಣೆ ಅನ್ನಬಹುದಾ?

ಇನ್ನೊಂದು ತುಂಡಿಗೆ ಪದ ತಾನಾಗೇ ಬಂತು. ಸ್ಪ್ರಿಂಗಿನ ಏರ್ ರೈಫಲ್ ವಿಚಿತ್ರ ಪ್ರಾಣಿ, ಎರಡು ಸಲ ಒದೆಯುತ್ತದೆ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆಯಲ್ಲಿ ತಡೆದು ನಿಂತಾಗ ಮುಂದಕ್ಕೆ ಎಗರುತ್ತದೆ. ರೈಫಲ್ ಮುಂದೆ ಹೋದರೂ ಮೇಲಿನ ದುರ್ಬೀನು ಇದ್ದಲ್ಲೇ ಇರಲು ನೋಡುತ್ತದೆ. ಹಾಗಾಗಿ ಮಣೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಪ್ರತಿ ಹೊಡೆತಕ್ಕೂ. ನಾವು ಮೊದಲ ದಿನ ಇದನ್ನು ಮರೆತೆವು. ಮೂವತ್ತು ಪೆಲೆಟ್ ಆದ ಮೇಲೆ ನೋಡಿದರೆ ಮಣೆಯ ಮುಂದೆ ಹಳಿಯ ಕಪ್ಪು ಬಣ್ಣ ಕಿತ್ತು, ಅಕ್ಕಿಕಾಳಿನ ಉದ್ದಕ್ಕೆ ಬೆಳ್ಳಗೆ ಹೊಳೆಯುವ ಗೀರು. ಸ್ಕ್ರೂ ತಲೆಗೂ ಬಳೆಗೂ ಸೇರಿಸಿ ಎಳೆದಿದ್ದ ನೇಲ್ ಪಾಲಿಶ್ ಗೆರೆ ಮಾತ್ರ ಒಂಚೂರೂ ಕದಲಿರಲಿಲ್ಲ. ಸ್ಕ್ರೂ ಸಡಿಲವಾಗಿಲ್ಲ, ಇಡೀ ಮಣೆಯೇ ಜಾರಿದೆ! ಇದನ್ನು ತಡೆಯಲು ಹಳಿಯಲ್ಲಿ ಒಂದು ತೂತು, ಮಣೆಯ ಅಡಿಯಿಂದ ಅದಕ್ಕೆ ಇಳಿಯುವ ಒಂದು ಗಿಡ್ಡ ಮೊಳೆ ಇರುತ್ತದೆ. ಚಕ್ಕಡಿಯ ಗಾಲಿ ಇರಚಿನಿಂದ ಕಳಚದಂತೆ ಹಾಕುವ ‘ಕಡಾಣಿ’ಯ ಕೆಲಸವೇ ಇದರದ್ದೂ. ಕಡಾಣಿ ಅಂದ ತಕ್ಷಣ ಹುಡುಗನಿಗೂ ತಿಳಿಯಿತು, ಎರಡನೇ ಸಲ ಹೇಳಬೇಕಾಗಲಿಲ್ಲ.

ಸ್ಕ್ರೂ ಬಿಗಿಯುವ ಅಲೆನ್ ಕೀ ಅನ್ನು ಹಾಗೇ ಬಿಟ್ಟಿದ್ದೇನೆ. ಪುಣೆಯ ಬೋಹ್ರಿ ಆಳಿ ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ಯಾವತ್ತೋ ‘ಎಲ್ಲೆನ್ ಕೀ’ ಆಗಿದೆ, ಆಕಾರವೂ ಇಂಗ್ಲಿಷಿನ ‘ಎಲ್’ ಅಕ್ಷರದ್ದೇ ಅಲ್ವಾ. ಗೆರೆ ನೆಟ್ಟಗಿದೆಯಾ ನೋಡಲು ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟು, ದುರ್ಬೀನಿನೊಳಗಿನ ನಿಂತ ಗೆರೆಯನ್ನು ಅದಕ್ಕೆ ಹೊಂದಿಸಿದೆವು. ಅಲ್ಲಿ ಪದದ ಕೊರತೆ ಬರಲಿಲ್ಲ.

‘ಝೀರೋ ಮಾಡು’ ಅನ್ನುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಗೆರೆ ಕೂಡಿದಲ್ಲೇ ಪೆಲೆಟ್ ಬೀಳುವ ಹಾಗೆ ತಿರುಪು ತಿರುಗಿಸುವುದು. ನಮ್ಮದರಲ್ಲಿ ತಿರುಪಿನ ಒಂದು ಕ್ಲಿಕ್‌ಗೆ ಪೆಲೆಟ್ ಬೀಳುವ ಜಾಗ 10 ಮೀಟರಿನಲ್ಲಿ ಮುಕ್ಕಾಲು ಮಿಲಿಮೀಟರಿಗಿಂತ ಚೂರು ಕಮ್ಮಿ ಸರಿಯುತ್ತದೆ. ‘ಸೊನ್ನೆ ಮಾಡಿದೆ’ ಅಂದರೆ ಕೆಲಸ ಕೆಡಿಸಿದೆ ಅನ್ನುವ ಹಾಗೆ ಕೇಳುತ್ತದೆ. ‘ಗುರಿ ಕೂರಿಸು’ ಅಂತ ಬರೆದಿದ್ದೇನೆ. ಇದಕ್ಕಿಂತ ಚೆಂದದ್ದು ಇದ್ದರೆ ಹೇಳಿ.

ಶೂಟಿಂಗ್ ಕ್ಲಬ್ಬಿನವರನ್ನು ಕೇಳು ಅಂತ ಯಾರಾದರೂ ಹೇಳಬಹುದು. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನು ಹಾಕುವಂತಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಕೂಡ ಸಣ್ಣ ತೂತಿನಲ್ಲಿ ನೋಡಿಯೇ ಹೊಡೆದದ್ದು. ಹಾಗಾಗಿ ಮಣೆಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ನನಗೆ ಆಸೆ ಇರುವುದು ಕೋವಿ ಹಿಡಿದು ಗೊತ್ತಿರುವ ಕೊಡಗು, ಮಲೆನಾಡಿನವರ ಮೇಲೆ. ನಿಮ್ಮಲ್ಲಿ ಕೋವಿಯ ಮೇಲೆ ಏನಾದರೂ ಕೂರಿಸಿದರೆ ಅದರ ಕೆಳಗಿನ ತುಂಡಿಗೆ ಏನನ್ನುತ್ತೀರಿ?

ಹಾಗೇ ಇನ್ನೊಂದು. ಈ ರೈಫಲ್ಲಿನ ನಳಿಗೆ ಸ್ವಲ್ಪ ತಲೆ ತಗ್ಗಿಸಿದೆ, ಪೆಲೆಟ್ ಕೆಳಗೇ ಬೀಳುತ್ತಿತ್ತು. ತಂಪು ಪಾನೀಯದ ಕ್ಯಾನ್ ಕತ್ತರಿಸಿ, ಬೆರಳಗಲದ ತಗಡಿನ ಪಟ್ಟಿಯನ್ನು ಹಿಂದಿನ ಬಳೆಯೊಳಗೆ, ಕೊಳವೆಯ ಅಡಿಗೆ ಇಟ್ಟೆ. ಇಲ್ಲಿನವರು ಇದಕ್ಕೆ ‘ಪ್ಯಾಕಿಂಗ್’ ಅನ್ನುತ್ತಾರೆ. ‘ಬೆಣೆ’ ಅನ್ನೋಣವೆಂದರೆ ಬೆಣೆಯನ್ನು ಬಡಿದು ಕೂರಿಸುತ್ತಾರೆ, ಇದನ್ನು ಬಡಿದರೆ ದುರ್ಬೀನಿನ ಕಥೆ ಮುಗಿಯಿತು. ಬಡಿಯದೆ ಸುಮ್ಮನೆ ಕೆಳಗೆ ಇಡುವ ತೆಳು ಚೂರಿಗೆ ನಿಮ್ಮ ಕಡೆ ಏನಾದರೂ ಪದ ಇದೆಯಾ? ಹುಡುಗ ಸರಿಯಾದ ಮೌಂಟನ್ನು ಮತ್ತೆ ತರಿಸಿದ್ದಾನೆ, ಗುರುವಾರ ಬರುತ್ತಂತೆ. ಅಷ್ಟರೊಳಗೆ ತಿಳಿಸಿದರೆ ಅದೇ ಪದ ಹಾಕಿ ಕಳಿಸುತ್ತೇನೆ.